ನಿಂಬೆಹಣ್ಣೇ ಮೊದಲು ಹೋಯಿತು

ನಿನ್ನೆ ನನ್ನ ಮಾರುತಿ 800 ನಿಂತಲ್ಲೇ ರೇಸು ಓಡಿತು. ಹ್ಯಾಂಡ್‌ಬ್ರೇಕ್ ಇನ್ನೂ ಬಿಟ್ಟಿರಲಿಲ್ಲ, ಗಡಿಯಾರ ಮಾತ್ರ 9 ಸೆಕೆಂಡ್ ಮುಂದೆ. ಹೊಟ್ಟೆ ಇನ್ನೂ ಉರಿಯುತ್ತಿದೆ.

ಇದಕ್ಕೆಲ್ಲ ಕಾರಣ ಒಂದು ಕಬ್ಬಿಣದ ಪಟ್ಟಿ. ಭಾನುವಾರ ಬಂತೆಂದರೆ ನಾವು ಐದಾರು ಜನ ಗೆಳೆಯನ ಗೋದಾಮಿನ ಅಂಗಳದಲ್ಲಿ ಒಬ್ಬೊಬ್ಬರಾಗಿ ಕಾರು ಓಡಿಸಿ ಟೈಮ್ ನೋಡುತ್ತೇವೆ. ಅಡ್ಡಲಾಗಿ ಒಂದು ಬೆಳಕಿನ ಕಿರಣ. ಕಾರು ಅದನ್ನು ಕಡಿದರೆ ಗಡಿಯಾರ ಶುರು. ಆದರೆ ಒಬ್ಬನ ಬಂಪರ್ ಎತ್ತರ, ಇನ್ನೊಬ್ಬನದು ಗಿಡ್ಡ. ಮೊದಲು ಕಡಿದದ್ದು ಬಂಪರೋ, ಟೈರೋ ಅಂತ ಪ್ರತಿ ವಾರ ಜಗಳ. ಇಂಗ್ಲೆಂಡಿನಲ್ಲಿದ್ದು ಬಂದ ಗೆಳೆಯ ಅಲ್ಲಿಯ ಸ್ಪ್ರಿಂಟ್ ನಿಯಮ ತೆಗೆದ; ಅದೂ ನಮ್ಮ ಹಾಗೇ ಒಬ್ಬೊಬ್ಬರಾಗಿ ಓಡಿ ಟೈಮ್ ನೋಡುವ ಪಂದ್ಯ. ಕಾರಿನ ಮೂಗಿಗೆ ನೆಟ್ಟಗೆ ಒಂದು ಟೈಮಿಂಗ್ ಸ್ಟ್ರಟ್, ಅಂದರೆ ಕಿರಣ ಕಡಿಯಲಿಕ್ಕೆಂದೇ ಒಂದು ಪಟ್ಟಿ. ಎತ್ತರ 254 ಮಿಲಿಮೀಟರ್, ಅಗಲ 51. ಕೆಳಗಿನ ಅಂಚು ನೆಲದಿಂದ 200 ದಾಟಬಾರದು, ಮೇಲಿನದು 454ಕ್ಕಿಂತ ಕೆಳಗಿರಬಾರದು. ಎರಡೂ ಮಗ್ಗಲು ಹೊಳಪಿಲ್ಲದ ಕಪ್ಪು.

ಬೆಳಗಾವಿಯ ಉದ್ಯಮಬಾಗದ ವೆಲ್ಡಿಂಗ್ ಕಾಕಾನ ಹತ್ತಿರ ಹೋದೆ. ‘ಮಿಲಿಮೀಟರ್ ಬ್ಯಾಡ್ರೀ ಸರ, ಇಂಚಿನ್ಯಾಗ ಹೇಳ್ರಿ’ ಅಂದ. ಲೆಕ್ಕ ಹಾಕಿದರೆ ಹತ್ತು ಇಂಚು, ಎರಡು ಇಂಚು. ‘ಅಯ್ಯ, ಎರಡಿಂಚಿನ ಪಟ್ಟಿಗೆ ಇಂಗ್ಲೆಂಡ್ ತನಕ ಹೋಗಿದ್ರೇನು?’

ಮೂರು ದಿನ ‘ನಾಳೆ ಬರ್ರಿ’. ನಾಲ್ಕನೇ ದಿನ ಪಟ್ಟಿ ಕೊಟ್ಟ. ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ಹೊಳಪು. ಹೊಳಪು ಬೇಡ ಅಂದಿದ್ದೆ ಅಲ್ವಾ? ‘ಹೊಸಾ ಮಾಲು ಡಲ್ ಕೊಟ್ರ ಮಂದಿ ನಮಗ ಬೈತಾರ್ರೀ. ಇರ್ಲಿ, ಇದರ ಮ್ಯಾಲ ಏನ್ ಬರೀಲಿ? ತಂದೆ-ತಾಯಿ ಆಶೀರ್ವಾದ?’

ಮನೆಯಲ್ಲಿ ಕೂತು ಪಾಲಿಶ್ ಪೇಪರ್‌ನಿಂದ ತಿಕ್ಕಿದೆ. ಬೆರಳೆಲ್ಲ ಕಪ್ಪು. ಅಪ್ಪ ಅಲ್ಲೇ ಉದ್ಯಮಬಾಗದ ಫೌಂಡ್ರಿಯಿಂದ ಸಂಜೆ ಬರುವಾಗ ಕೈ ಹೀಗೇ ಇರುತ್ತಿತ್ತು, ಸಾಬೂನಿಗೂ ಬಗ್ಗದ ಕಪ್ಪು. ಅದೇ ಕೈಯಲ್ಲಿ ನನಗೆ ಪೇಪರ್‌ ಪೊಟ್ಟಣದ ಚುರುಮುರಿ ಕೊಡುತ್ತಿದ್ದ. ಹೊಳಪಿಲ್ಲದ ಕಪ್ಪು ಅಂದರೆ ಯಾವುದು ಅಂತ ನನಗೆ ಯಾರೂ ನಿಯಮ ಓದಿ ಹೇಳಬೇಕಿರಲಿಲ್ಲ.

ಇರಲಿ. ನಿನ್ನೆ ಗೆರೆಯ ಹತ್ತಿರ ಕಾರು ನಿಲ್ಲಿಸಿದೆ. ಪಟ್ಟಿಗೂ ಕಿರಣಕ್ಕೂ ನಡುವೆ ಮೂರು ಬೆರಳಿನಷ್ಟು ಜಾಗ. ಹಸಿರು ದೀಪ ಹತ್ತುವ ಮೊದಲೇ ಗಡಿಯಾರ ಓಡಿತು. ವೈರ್ ನೋಡಿದೆವು, ಬ್ಯಾಟರಿ ಬದಲಿಸಿದೆವು. ಮತ್ತೆ ಓಡಿತು. ಬಿಎಸ್ಸಿ ಫಿಜಿಕ್ಸ್ ಮಾಡಿದ ಗೆಳೆಯ ಬಿಸಿಲು ಜಾಸ್ತಿ ಅಂತ ಕೊಡೆ ಹಿಡಿದ. ಆಗಲೂ ಓಡಿತು. ಕೊನೆಗೆ ಗೋದಾಮಿನ ವಾಚ್‌ಮನ್ ಬೀಡಿ ಆರಿಸಿ ತಣ್ಣಗೆ ಹೇಳಿದ: ‘ಸರ, ನಿಂಬಿಹಣ್ಣು ಅಳ್ಳಾಡಾಕತ್ತದ.’

ಬಗ್ಗಿ ನೋಡಿದೆ. ಪಟ್ಟಿಯ ಮೇಲಿನ ಬೋಲ್ಟಿಗೆ ಕರಿ ದಾರ. ದಾರದಲ್ಲಿ ಏಳು ಹಸಿಮೆಣಸು, ತುದಿಗೆ ಒಂದು ನಿಂಬೆಹಣ್ಣು. ಅವ್ವನ ಕೆಲಸ. ಹೊಸ ಕಬ್ಬಿಣಕ್ಕೆ ದೃಷ್ಟಿಯಾಗಬಾರದಂತೆ. ನಮ್ಮ ಎಂಜಿನ್ ಐಡಲಿಂಗ್‌ನಲ್ಲೂ ಚಳಿಜ್ವರ ಬಂದ ಹಾಗೆ ನಡುಗುತ್ತದೆ. ಆ ನಡುಕಕ್ಕೆ ಹಣ್ಣು ಜೋಲಿ ಹೊಡೆದು ಕಿರಣ ಕಡಿಯುತ್ತಿತ್ತು. ಫಿಜಿಕ್ಸ್ ಗೆಳೆಯ ‘ಬಿಚ್ಚಬೇಡ, ಅವ್ವ ಕಟ್ಟಿದ್ದು’ ಅಂತ ಓಡಿ ಬಂದು ಹಣ್ಣನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವನ ಮೊಣಕೈ ಕಿರಣ ಕಡಿಯಿತು.

ಕಡೆಗೆ ಬಿಚ್ಚಿ ಡಿಕ್ಕಿಯಲ್ಲಿಟ್ಟೆ. ರಾತ್ರಿ ಅವ್ವ ಕೇಳಿದಾಗ ‘ದಾರ್ಯಾಗ ಬಿದ್ದಿರಬೇಕವ್ವ’ ಅಂದುಬಿಟ್ಟೆ. ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಟಾಗ ನೋಡಿದರೆ ಪಟ್ಟಿಯಲ್ಲಿ ಎರಡು ನಿಂಬೆಹಣ್ಣು. ಈ ಸಲ ದಾರದ ಬದಲು ತಂತಿ.