ಮೀಸೆ ಬಂದ ಕಾಮಧೇನು

ನಮ್ಮ ಹೈಸ್ಕೂಲಿನ ವೇಳಾಪಟ್ಟಿ ಪ್ರಕಾರ ಒಂಬತ್ತನೇ ಕ್ಲಾಸಿಗೆ ವಾರಕ್ಕೆ 2 ಪಿರಿಯಡ್ ಚಿತ್ರಕಲೆ. ಇದನ್ನು ಖಾತ್ರಿಯಾಗಿ ಹೇಳಬಲ್ಲೆ, ಯಾಕೆಂದರೆ ಆ ವೇಳಾಪಟ್ಟಿಯನ್ನು ಡ್ರಾಯಿಂಗ್ ಶೀಟಿನ ಮೇಲೆ ಕೆಂಪು-ನೀಲಿ ಸ್ಕೆಚ್ ಪೆನ್ನಿನಲ್ಲಿ ಬರೆದು, ಅಂಚಿಗೆ ಮಲ್ಲಿಗೆ ಬಳ್ಳಿ ಬಿಡಿಸಿದವನು ನಾನೇ. ಬರೆದದ್ದಷ್ಟೇ ಬಂತು. ಘಂಟೆ ಹೊಡೆದು ನಾನು ಬಣ್ಣದ ಡಬ್ಬಿ ಎತ್ತಿಕೊಂಡು ಹೊರಡುವಷ್ಟರಲ್ಲಿ ಗಣಿತದ ಸರ್ ಬಾಗಿಲಲ್ಲಿ ನಿಂತಿರುತ್ತಾರೆ. ಒಂದು ಕೈಯಲ್ಲಿ ಡಸ್ಟರು, ಇನ್ನೊಂದು ಕೈಯಲ್ಲಿ ಕಟ್ಟಿಗೆಯ ದೊಡ್ಡ ಕೋನಮಾಪಕ.

"ಸರ, ಇವತ್ತೊಂದು ಪಿರಿಯಡ್ ಕೊಡ್ರಿ. ಬಹುಪದೋಕ್ತಿ ಅರ್ಧಕ್ಕ ನಿಂತೈತಿ. ಮುಂದಿನ ವಾರ ತೀರಿಸಿಬಿಡ್ತೀನಿ."

ಕೊಡುತ್ತೇನೆ. ಕೊಡದೆ ಏನು ಮಾಡಲಿ? ಚಿತ್ರಕಲೆ ಭಾಗ-ಬಿ ವಿಷಯ, ಗ್ರೇಡ್ ಕೊಟ್ಟು ಮುಗಿಸುವಂಥದ್ದು. ಚಿತ್ರಕಲೆಯಿಂದಾಗಿ ಯಾವ ಹುಡುಗನ ಎಸ್ಸೆಸ್ಸೆಲ್ಸಿಯೂ ಇವತ್ತಿನವರೆಗೆ ನಿಂತಿಲ್ಲ. ಗಣಿತದಿಂದ ಸಾಲುಸಾಲಾಗಿ ನಿಂತಿವೆ. ಫಲಿತಾಂಶ ಕಡಿಮೆ ಬಂದರೆ ಮೀಟಿಂಗಿನಲ್ಲಿ ಎದ್ದು ನಿಲ್ಲುವವರು ಅವರು, ನಾನಲ್ಲ. ಹಾಗಾಗಿ ಕೈಗಡ ಕೊಟ್ಟೆ, ಕೊಡುತ್ತಲೇ ಹೋದೆ. ಜೂನ್‌ನಿಂದ ದಸರಾ ರಜೆಯವರೆಗೆ ಅವರ ಕಡೆ ಬಾಕಿ ಉಳಿದದ್ದು 19 ಪಿರಿಯಡ್. ವಿಚಿತ್ರ ನೋಡಿ, ಈ ಲೆಕ್ಕ ಗಣಿತದವರ ಹತ್ತಿರ ಸಿಗುವುದಿಲ್ಲ. ಡ್ರಾಯಿಂಗ್ ಮಾಸ್ತರನ ಡೈರಿಯಲ್ಲಿದೆ.

ಹಾಗಂತ ನನಗೆ ಕೆಲಸ ಇಲ್ಲ ಅಂತ ತಿಳಿಯಬೇಡಿ. ಶಾಲೆಯ ಗೋಡೆಗೆ ಭಾರತದ ನಕಾಶೆ, ಶೌಚಾಲಯದ ಬಾಗಿಲಿಗೆ ಗಂಡು-ಹೆಣ್ಣಿನ ಮುಖ, ಹೆಡ್‌ಮಾಸ್ತರರ ಹೆಸರಿನ ಬೋರ್ಡು, ನಿವೃತ್ತರಾದವರಿಗೆ ಸನ್ಮಾನಪತ್ರ, ಎಲ್ಲ ನನ್ನ ಪಾಲಿನವು. ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಊರಿನವರು ಎತ್ತು ಹಿಡಿದುಕೊಂಡು ಕಾಂಪೌಂಡಿನ ಹೊರಗೆ ನಿಲ್ಲುತ್ತಾರೆ. "ಮಾಸ್ತರ್ರ, ಕೋಡಿಗೆ ಒಂದೀಟು ಚಂದಗೆ ಬಣ್ಣ ಹಚ್ಚಿಕೊಡ್ರಿ, ನಿಮ್ಮ ಕೈ ಚಲೋ ಐತಿ." ಮೈಸೂರು ಕಡೆಯ ಕಲಾ ಕಾಲೇಜಿನಲ್ಲಿ 5 ವರ್ಷ ಕಲಿತ ಕೈ ಇದು. ಆದರೆ ಆ ಎತ್ತುಗಳಷ್ಟು ಅಲುಗಾಡದೆ ನಿಂತ ಮಾಡೆಲ್ ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ, ಅದನ್ನು ಒಪ್ಪಲೇಬೇಕು.

ಪಿರಿಯಡ್ ಕೈಗೆ ಸಿಕ್ಕ ದಿನ ಏನಾಗುತ್ತದೆ ಅನ್ನುವುದು ಬೇರೆಯದೇ ಕಥೆ. ಒಮ್ಮೆ, ಇದೇ ಹುಡುಗರು ಎಂಟನೇ ಕ್ಲಾಸಿನಲ್ಲಿದ್ದಾಗ, ವಸ್ತುಚಿತ್ರಕ್ಕೆಂದು ಸ್ಟೂಲಿನ ಮೇಲೆ ಒಂದು ಮಣ್ಣಿನ ಗಡಿಗೆ, ಪಕ್ಕಕ್ಕೆ ದಪ್ಪನೆಯದೊಂದು ಪೇರಲಹಣ್ಣು ಇಟ್ಟೆ. "ಹೆಂಗ ಕಾಣ್ತೈತೋ ಹಂಗ ತಗೀರಿ" ಅಂದು, ಹೆಡ್‌ಮಾಸ್ತರು ಕರೆದರೆಂದು ಆಫೀಸಿಗೆ ಹೋಗಿ ಬಂದೆ. ವಾಪಸ್ ಬಂದಾಗ ಸ್ಟೂಲಿನ ಮೇಲೆ ಗಡಿಗೆ ಒಂದೇ ಇತ್ತು. ಯಾರು ಅಂತ ಕೇಳಿದರೆ ಕ್ಲಾಸಿಗೆ ಕ್ಲಾಸೇ ಮೂಗ. ಸರಿ, ಹಾಳೆಗಳನ್ನೇ ಸಾಕ್ಷಿಗೆ ಕರೆದೆ. ಮೊದಲ ಬೆಂಚಿನವರ ಹಾಳೆಯಲ್ಲಿ ಪೇರಲ ಇಡಿಯಾಗಿತ್ತು, ನಡುವಿನವರಲ್ಲಿ ಒಂದು ಕಡೆ ಕಚ್ಚಿತ್ತು, ಹಿಂದಿನವರ ಹಾಳೆಯಲ್ಲಿ ಬರೀ ತೊಟ್ಟು. ಕಂಡದ್ದನ್ನು ಕಂಡ ಹಾಗೆ ಬಿಡಿಸಿದ ಮಕ್ಕಳು, ಹೊಡೆಯುವುದಾದರೂ ಹೇಗೆ? ಆದರೆ ಕೊನೆಯ ಬೆಂಚಿನಲ್ಲಿ ಕೂತ 27ನೇ ನಂಬರಿನವನ ಹಾಳೆಯಲ್ಲಿ ಪೇರಲ ಪೂರ್ತಿ ಇತ್ತು. ತೊಟ್ಟಿನ ಹತ್ತಿರದ ಕಪ್ಪು ಚುಕ್ಕೆ, ಅಡಿಯ ಒಣಗಿದ ಕಿರೀಟ ಸಮೇತ, ಇಡೀ ಕ್ಲಾಸಿಗೇ ಚಂದದ ಪೇರಲ. ಅಷ್ಟು ಹತ್ತಿರದಿಂದ ನೋಡಿದವನು ಅವನೊಬ್ಬನೇ. ಉಳಿದವರದು ವಸ್ತುಚಿತ್ರ, ಅವನದು ಸ್ಮರಣಚಿತ್ರ. ಹತ್ತಕ್ಕೆ ಒಂಬತ್ತು ಕೊಟ್ಟೆ, ಒಂದು ಪೇರಲದ ಬಾಬ್ತು ಕಡಿದೆ.

ಹಂಪಿ ಪ್ರವಾಸದಲ್ಲಿ ಇನ್ನೊಂದು. ವಿರೂಪಾಕ್ಷನ ಗುಡಿಯ ರಂಗಮಂಟಪದಲ್ಲಿ ಚಾವಣಿ ತುಂಬ ಚಿತ್ರಗಳಿವೆ: ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ, ಗಿರಿಜಾ ಕಲ್ಯಾಣ, ಮತ್ಸ್ಯಯಂತ್ರಕ್ಕೆ ಬಾಣ ಹೂಡಿದ ಅರ್ಜುನ. ನಿಂತು ನೋಡಿದರೆ ಕುತ್ತಿಗೆ ಹಿಡಿಯುತ್ತದೆ. "ಮಲಗಿ ತಗೀರಿ" ಅಂದೆ. 12 ಹುಡುಗರು ಎದೆ ಮೇಲೆ ಸ್ಕೆಚ್‌ಬುಕ್ ಇಟ್ಟುಕೊಂಡು ಕಲ್ಲುಹಾಸಿನ ಮೇಲೆ ಅಂಗಾತ ಮಲಗಿದರು. ಸ್ವಲ್ಪ ಹೊತ್ತಿಗೆ ದರ್ಶನಕ್ಕೆ ಬಂದ ಅಜ್ಜಿಯೊಬ್ಬರು ಇದು ಯಾವುದೋ ಹರಕೆ ಅಂದುಕೊಂಡು, ಮೊದಲನೆಯವನ ಹೊಟ್ಟೆ ಮೇಲೆ ಎರಡು ರೂಪಾಯಿ ಇಟ್ಟು ಕೈ ಮುಗಿದರು. ಒಬ್ಬರು ಇಟ್ಟ ಮೇಲೆ ಕೇಳಬೇಕೇ? ಕಾವಲಿನವರು ಬಂದು ಎಬ್ಬಿಸುವ ಹೊತ್ತಿಗೆ 34 ರೂಪಾಯಿ, ಅರ್ಧ ತೆಂಗಿನಕಾಯಿ ಆಗಿತ್ತು. ಚಿತ್ರದಿಂದ ನಮ್ಮ ಶಾಲೆಗೆ ಬಂದ ಮೊದಲ ಗಳಿಕೆ. ಹೊಸಪೇಟೆಯಲ್ಲಿ ಮಿರ್ಚಿ ತಿಂದೆವು.

ಇನ್ನು ಕಾಮಧೇನು.

ಕಲೋತ್ಸವದ ಸುತ್ತೋಲೆ ಬಂತು. 2015ರಲ್ಲಿ ಕೇಂದ್ರದವರು ಶುರು ಮಾಡಿದ ಸ್ಪರ್ಧೆ ಅದು, ಒಂಬತ್ತನೇ ಕ್ಲಾಸಿನಿಂದ ಮೇಲಿನವರಿಗೆ. ಆಗ ಅದರಲ್ಲಿ ದೇಶೀಯ ಆಟಿಕೆ ಅಂತಲೂ ಒಂದು ವಿಭಾಗ ಇತ್ತು. ಕೊಪ್ಪಳ ಜಿಲ್ಲೆಯಲ್ಲಿದ್ದು, ಕಟ್ಟಿಗೆ ಗೊಂಬೆಗೆ ಹೆಸರಾದ ಕಿನ್ನಾಳವನ್ನು ಪಕ್ಕದಲ್ಲಿಟ್ಟುಕೊಂಡು, ದೇಶೀಯ ಆಟಿಕೆಗೆ ಬೇರೆ ಎಲ್ಲಿ ಹುಡುಕುವುದು? 14ನೇ ನಂಬರಿನ ಹುಡುಗಿ ಎದ್ದು ನಿಂತು, "ಸರ, ನಾ ಕಾಮಧೇನು ಮಾಡ್ತೀನ್ರಿ" ಅಂದಳು. ಹೆಣ್ಣಿನ ಮುಖ, ಆಕಳ ಮೈ, ರೆಕ್ಕೆ, ನವಿಲಿನ ಬಾಲ. ನಾನಾಗಿದ್ದರೆ ಆನೆ ಆರಿಸಿಕೊಳ್ಳುತ್ತಿದ್ದೆ.

ಕಟ್ಟಿಗೆ ತರ್ರಿ ಅಂದದ್ದೇ ತಡ, ಮರುದಿನ ಇಡೀ ಕ್ಲಾಸು ಬಳ್ಳಾರಿ ಜಾಲಿ ಹೊತ್ತು ತಂದಿತು. ನಮ್ಮ ಕಡೆ ಪುಕ್ಕಟೆ ಸಿಗುವ ಕಟ್ಟಿಗೆ ಅದೊಂದೇ. ಮಧ್ಯಾಹ್ನದೊಳಗೆ ಮೂರು ಚಾಕು ಮುರಿದವು, ನನ್ನ ಹೆಬ್ಬೆರಳಿಗೆ ಮುಳ್ಳು ಹೊಕ್ಕಿತು, ಆಕಳ ಒಂದು ಕಿವಿಯೂ ಮೂಡಲಿಲ್ಲ. ಕಿನ್ನಾಳದಿಂದ ಚಿತ್ರಗಾರ ಮನೆತನದ ಹಿರಿಯರೊಬ್ಬರನ್ನು ಕರೆಸಿದೆವು. ಅವರು ಆ ತುಂಡನ್ನು ಕೈಯಲ್ಲಿ ತೂಗಿ ನೋಡಿ, "ತಮ್ಮಾ, ಇದು ಒಲಿಗೆ ಚಲೋ" ಅಂದು ಕೆಳಗಿಟ್ಟರು. ಬೇಕಾದದ್ದು ಹಗುರ ಜಾತಿಯ ಮೆತ್ತನೆ ಮರ. ಕೊನೆಗೆ ಅಡುಗೆಕೋಣೆ ಹಿಂದೆ ಗಾಳಿಗೆ ಬಿದ್ದಿದ್ದ ನುಗ್ಗೆಕೊಂಬೆಯಲ್ಲಿ ಸುಧಾರಿಸಿಕೊಂಡೆವು. ಅದಕ್ಕೂ ಅವರು ಮುಖ ಸಿಂಡರಿಸಿದರು, ಆದರೆ ಬೈಯಲಿಲ್ಲ.

ಆಮೇಲೆ ಅವರ ಕಣ್ಣು ನಮ್ಮ ಫೆವಿಕಾಲ್ ಡಬ್ಬಿ ಮೇಲೆ ಬಿತ್ತು. "ಅದನ್ನ ಒಳಗಿಡ್ರಿ ಮಾಸ್ತರ್ರ" ಅಂದರು. ಕಿನ್ನಾಳದ ಪದ್ಧತಿಯಲ್ಲಿ ಗೋಣಿಚೀಲದ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಅದಕ್ಕೆ ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಕಲಸುತ್ತಾರೆ. ಅದರ ಹೆಸರು ಕಿಟ್ಟ. ಮೈಕೈ ತುಂಬಿಕೊಳ್ಳುವುದು ಅದರಿಂದಲೇ. ಒಡವೆ-ವಸ್ತ್ರ ಉಬ್ಬಿ ಕಾಣಲು ಕಲ್ಲಿನ ಪುಡಿಗೆ ಅಂಟು ಕಲಸಿ ಮೆತ್ತುತ್ತಾರೆ. ಇದನ್ನೆಲ್ಲ ಅವರು ಹೇಳುತ್ತಿದ್ದರೆ ಹುಡುಗರು ಬಾಯಿ ಬಿಟ್ಟು ಕೇಳುತ್ತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಕೋನಮಾಪಕ ಕಾಣಿಸಿತು. ಆವತ್ತೊಂದು ದಿನ ಮಾತ್ರ ನಾನು ಆ ಕಡೆ ತಿರುಗಲಿಲ್ಲ.

ಹುಣಸೆಬೀಜಕ್ಕೆ ನಮ್ಮಲ್ಲಿ ಬರ ಇಲ್ಲ. ಬಿಸಿಯೂಟದ ಅಕ್ಕ ಸಾರಿನ ಹುಣಸೆಹಣ್ಣಿನಿಂದ ತೆಗೆದ ಬೀಜವನ್ನು ಡಬ್ಬಿಗಟ್ಟಲೆ ಕೂಡಿಟ್ಟಿದ್ದಳು. ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಅವಳದೇ ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ಕುದಿಸಲು ಇಟ್ಟೆವು. ಕುದಿಯುತ್ತ ಕುದಿಯುತ್ತ ಅದು ಗಟ್ಟಿಯಾಗಿ, ಬಣ್ಣ ತಿರುಗಿ, ಪಚಪಚ ಗುಳ್ಳೆ ಒಡೆಯತೊಡಗಿತು. ಆರಲಿ ಅಂತ ಕಟ್ಟೆ ಮೇಲಿಟ್ಟು ನಾವು ಕಟ್ಟಿಗೆ ಕಡೆ ಹೋದೆವು.

ಬಿಸಿಯೂಟ ಬಡಿಸುವ ಮುಂಚೆ ಶಿಕ್ಷಕರೊಬ್ಬರು ರುಚಿ ನೋಡಿ, ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಬೇಕು, ಅದು ನಿಯಮ. ನಮ್ಮ ಹೆಡ್‌ಮಾಸ್ತರು ನಿಯಮದ ಮನುಷ್ಯ. ಅನ್ನದ ರುಚಿ ನೋಡಿದರು, ಸಾರಿನ ರುಚಿ ನೋಡಿದರು, ಕಟ್ಟೆಯ ಮೇಲಿದ್ದ ಸಣ್ಣ ಪಾತ್ರೆಯನ್ನೂ ಬಿಡಲಿಲ್ಲ. ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವುದು ಇತ್ತಲ್ಲ, ಅದೇ ಇರಬೇಕು ಅಂದುಕೊಂಡು ತುಂಬಿದ ಸೌಟನ್ನೇ ಬಾಯಿಗೆ ಹಾಕಿಕೊಂಡರು. ನಾನು ಓಡಿ ಬರುವ ಹೊತ್ತಿಗೆ ಅವರು ಕಣ್ಣು ದೊಡ್ಡದು ಮಾಡಿಕೊಂಡು, ಕೈಯಿಂದ ಏನೋ ಸನ್ನೆ ಮಾಡುತ್ತಿದ್ದರು. ಬಾಯಿಂದ ಬರುತ್ತಿದ್ದದ್ದು "ಮ್, ಮ್" ಒಂದೇ. ನಾಲಿಗೆ ಅಂಗುಳಕ್ಕೆ ಹತ್ತಿಕೊಂಡಿತ್ತು. ಅಕ್ಕ ಬಿಸಿನೀರು ಕೊಟ್ಟಳು, ಮೂರು ಲೋಟ. ಜೀವಕ್ಕೇನೂ ಅಪಾಯವಿಲ್ಲ, ಹುಣಸೆಬೀಜ ತಾನೇ. ಆದರೆ ಮಧ್ಯಾಹ್ನದ ಸಭೆಯಲ್ಲಿ ಅವರು ಎಂದಿನಂತೆ ಮಾತಾಡಲಿಲ್ಲ, ಹಾಗಾಗಿ ಸಭೆ ಹತ್ತೇ ನಿಮಿಷಕ್ಕೆ ಮುಗಿಯಿತು. ಸ್ಟಾಫಿನವರೆಲ್ಲ ಆ ಅಂಟಿನ ಬಗ್ಗೆ ಬಹಳ ಆಸಕ್ತಿಯಿಂದ ವಿಚಾರಿಸಿದರು.

ರಿಜಿಸ್ಟರಿನಲ್ಲಿ ಆ ದಿನದ ಷರಾ ಈಗಲೂ ಇದೆ: "ಅನ್ನ ಚೆನ್ನಾಗಿದೆ. ಸಾರು ಚೆನ್ನಾಗಿದೆ. ಮಾಲ್ಟ್ ಗಟ್ಟಿ, ಬೆಲ್ಲ ಸಾಲದು."

ಕಾಮಧೇನು ಮಾತ್ರ ದಿನದಿನಕ್ಕೆ ಎದ್ದು ನಿಂತಿತು. ಕಿಟ್ಟ ಸ್ವಲ್ಪ ಹೆಚ್ಚಾಗಿ ಗಲ್ಲ ಉಬ್ಬಿತು, ಕಿವಿ ಅಗಲವಾಯಿತು. ಇರಲಿ, ದೇವರಿಗೆ ದೊಡ್ಡ ಕಿವಿ ಒಳ್ಳೆಯದು ಅಂದೆ. ಸ್ಪರ್ಧೆಯ ಹಿಂದಿನ ದಿನ ಬಣ್ಣ. ಬಿಳಿ ಮೈ, ಹಸಿರು ರೆಕ್ಕೆ, ಹಳದಿ ಒಡವೆ. ಕೊನೆಗೆ ಹುಡುಗಿ ಉಸಿರು ಬಿಗಿಹಿಡಿದು, ಸಣ್ಣ ಬ್ರಷ್ಷಿನಲ್ಲಿ ಮೂಗಿನ ಹೊಳ್ಳೆಗೆ ಕಪ್ಪು ಗೆರೆ ಎಳೆಯುತ್ತಿದ್ದಳು. ನಮ್ಮ ಶಾಲೆಯ ಘಂಟೆ ಅಂದರೆ ಕಿಟಕಿ ಹೊರಗೆ ನೇತುಹಾಕಿದ ರೈಲು ಹಳಿಯ ತುಂಡು. ಸಿಪಾಯಿ ಬಂದು ಢಣ್ ಅಂತ ಬಾರಿಸಿದ. ಕೈ ಅಲುಗಿ ಗೆರೆ ತುಟಿಯ ಮೇಲಿಂದ ಗಲ್ಲದವರೆಗೆ ಹೋಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಪೋಸ್ಟರ್ ಕಲರ್ ಇನ್ನಷ್ಟು ಹರಡಿತು. ಮತ್ತೆ ಒರೆಸಿದಳು, ಬಿಳಿ ಮಾಯವಾಗಿ ನುಗ್ಗೆಕಟ್ಟಿಗೆ ಇಣುಕಿತು. ಕಡೆಗೆ ಒಂದು ನಿರ್ಧಾರಕ್ಕೆ ಬಂದವಳ ಹಾಗೆ, ಆ ಕಡೆಗೂ ಅಷ್ಟೇ ಉದ್ದದ ಗೆರೆ ಎಳೆದು ಸಮ ಮಾಡಿದಳು.

ಕ್ಲಾಸು ತಣ್ಣಗಾಯಿತು. ಹಿಂದಿನ ಬೆಂಚಿನಿಂದ 27ರ ದನಿ: "ಸರ, ಇದು ನಮ್ಮ ಗಣಿತ ಸರ್ ಆಗ್ಯಾರಲ್ರಿ!"

ಆಗಿದ್ದರು. ಉಬ್ಬಿದ ಗಲ್ಲ, ಅಗಲ ಕಿವಿ, ತುದಿ ಸ್ವಲ್ಪ ಮೇಲಕ್ಕೆದ್ದ ಮೀಸೆ. ನನಗೆ ನಗು ಬರುವ ಮೊದಲು ಸ್ವಲ್ಪ ಹೊಟ್ಟೆಯುರಿ ಬಂತು. ಕೇಳಿದ್ದನ್ನು ಇಲ್ಲ ಅನ್ನದೆ ಕೊಟ್ಟವನು ನಾನು. ಮುಖ ಹೋಗಿ ಅವರದು ಬಂದಿತ್ತು.

ಬೇರೆ ಮಾಡಲು ಹೊತ್ತಿರಲಿಲ್ಲ. ಮರುದಿನ ಹಳೆಯ ಸೀರೆಯಲ್ಲಿ ಸುತ್ತಿ, ಟಂಟಂನಲ್ಲಿ ತೊಡೆ ಮೇಲಿಟ್ಟುಕೊಂಡು ಕೊಪ್ಪಳಕ್ಕೆ ಒಯ್ದೆವು. ಜಾಗ ತಿನ್ನುತ್ತದೆ ಅಂತ ಡ್ರೈವರ್ ಕಾಮಧೇನುವಿಗೂ ಒಂದು ಸೀಟಿನ ದುಡ್ಡು ಇಸಕೊಂಡ. ತೀರ್ಪುಗಾರರು ಮೂವರು ಸುತ್ತ ತಿರುಗಿ ನೋಡಿದರು. ನವಿಲ ಬಾಲ ಮೆಚ್ಚಿದರು, ಕಿಟ್ಟ ಮುಟ್ಟಿ ನೋಡಿ ತಲೆಯಾಡಿಸಿದರು. ಹುಣಸೆಬೀಜದ ಅಂಟಿನ ಬಗ್ಗೆ ಕೇಳಿದ್ದಕ್ಕೆ ಹುಡುಗಿ ಪಟಪಟ ಅಂತ ಹೇಳಿದಳು, ಹೆಡ್‌ಮಾಸ್ತರರ ಪ್ರಸಂಗ ಒಂದನ್ನು ಬಿಟ್ಟು. ಕೊನೆಗೆ ಒಬ್ಬರು ಕನ್ನಡಕ ಸರಿ ಮಾಡಿಕೊಂಡು ಕೇಳಿದರು: "ಎಲ್ಲಾ ಸರಿ ಐತವ್ವಾ, ಕಾಮಧೇನುಗೆ ಮೀಸಿ ಯಾಕ?"

ನನ್ನ ಎದೆ ಧಸಕ್ ಅಂತು. ಅವಳು ತಡವರಿಸಲಿಲ್ಲ.

"ಕೇಳಿದ್ದು ಕೊಡೋ ಗಂಡಸು ನಮ್ಮೂರಾಗ ಒಬ್ರೂ ಇಲ್ರಿ ಸರ. ಒಬ್ರರ ಇರಲಿ ಅಂತ ಮಾಡೀನ್ರಿ."

ತೀರ್ಪುಗಾರರಲ್ಲಿ ಇದ್ದ ಮೇಡಂ ಎಷ್ಟು ನಕ್ಕರೆಂದರೆ ಪೆನ್ನು ಕೆಳಗೆ ಬಿತ್ತು. ದ್ವಿತೀಯ ಸ್ಥಾನ ಬಂತು. ಪ್ರಮಾಣಪತ್ರ ಬರೆದವರು ಮಾತ್ರ ಪಟ್ಟಿಯಲ್ಲಿ ಒಂದು ಕಾಲಂ ತಪ್ಪಿ ನೋಡಿದ್ದರು: "ಕುಮಾರಿ ಕಾಮಧೇನು, 9ನೇ ತರಗತಿ, ಇವರು ಭಾಗವಹಿಸಿ ದ್ವಿತೀಯ ಸ್ಥಾನ ಪಡೆದಿರುತ್ತಾರೆ." ತಿದ್ದುಪಡಿಗೆ ಅರ್ಜಿ ಹಾಕಿದ್ದೇವೆ. ಹುಡುಗಿಯ ಅಪ್ಪ ಅದಕ್ಕೆ ಕಾಯದೆ ಕಟ್ಟು ಹಾಕಿಸಿ ಗೋಡೆಗೆ ತೂಗಿಬಿಟ್ಟಿದ್ದಾನೆ.

ಸೋಮವಾರ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ತರು ಕಾಮಧೇನುವನ್ನು ಟೇಬಲ್ ಮೇಲಿಡಿಸಿ ಚಪ್ಪಾಳೆ ಹೊಡೆಸಿದರು. ನಾನು ಗಣಿತದ ಸರ್ ಕಡೆ ನೋಡದಿರಲು ಧ್ವಜಸ್ತಂಭ ನೋಡುತ್ತಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಅವರು ಹತ್ತಿರ ಬಂದರು. ಮುಂದಿನಿಂದ ನೋಡಿದರು, ಪಕ್ಕದಿಂದ ನೋಡಿದರು. "ಹಿಂದಿನ ಎಡಗಾಲು ಅರ್ಧ ಇಂಚು ಕಮ್ಮಿ ಐತಿ" ಅಂದರು. ಆಮೇಲೆ ಅವರ ಕೈ ತಾನಾಗಿ ಮೀಸೆಗೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

"ಸರ," ಅಂದರು ದನಿ ತಗ್ಗಿಸಿ, "ಕಿವಿಯೋಲಿ ಒಂದು ತೆಗಸ್ರಿ."

ಎರಡನೇ ಪಿರಿಯಡ್ ಚಿತ್ರಕಲೆ. ಘಂಟೆ ಆಯಿತು. ಬಣ್ಣದ ಡಬ್ಬಿ ಎತ್ತಿಕೊಂಡು ಹೋದರೆ ಬಾಗಿಲಲ್ಲಿ ಅವರೇ, ಡಸ್ಟರು, ಕೋನಮಾಪಕ. "ಸರ, ಇವತ್ತೊಂದು..." ಅಂತ ಶುರು ಮಾಡಿದರು.

ಒಳಗೆ ಹಿಂದಿನ ಬೆಂಚಿನಿಂದ ಯಾರೋ ಸಣ್ಣಗೆ, ಬಹಳ ಗೌರವದಿಂದ, "ಅಂಬಾ" ಅಂದರು.