ಸೊಪ್ಪಿನ ಲೆಕ್ಕ ಬೇರೆ, ಕಾಳಿನ ಲೆಕ್ಕ ಬೇರೆ

ಹರಿವೆ ಬಗ್ಗೆ ನೀವು ಬರೆದ ಲೇಖನ ಉಪಯುಕ್ತವಾಗಿದೆ. ಆದರೆ "ಹರಿವೆಯಲ್ಲಿ 14 ಗ್ರಾಂ ಪ್ರೋಟೀನ್" ಎಂದು ಬರೆದದ್ದು ಓದುಗರ ದಾರಿ ತಪ್ಪಿಸುತ್ತದೆ. ಅದು 100 ಗ್ರಾಂ ಒಣ ರಾಜಗಿರಿ ಕಾಳಿನ, ಅಂದರೆ ಹರಿವೆ ಜಾತಿಯ ಗಿಡದ ಬೀಜದ ಅಂಕಿ. ಅಷ್ಟೇ ತೂಕದ ಹಸಿ ಸೊಪ್ಪಿನಲ್ಲಿ ಸಿಗುವುದು ಸುಮಾರು 2.5 ಗ್ರಾಂ. ಸೊಪ್ಪಿನ ಶಕ್ತಿ ಇರುವುದು 200 ಮಿಲಿಗ್ರಾಂ ದಾಟುವ ಕ್ಯಾಲ್ಸಿಯಂನಲ್ಲಿ, ವಿಟಮಿನ್ ಎ, ಸಿ, ಕೆಗಳಲ್ಲಿ. ಕಾಳಿನ ಹೆಗ್ಗಳಿಕೆ ಲೈಸಿನ್. ಅಕ್ಕಿ, ಗೋಧಿಯಲ್ಲಿ ಕಡಿಮೆ ಇರುವ ಅಮೈನೋ ಆಮ್ಲ ಅದು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಕೂಡ ಈ ಕಾಳಿನಲ್ಲಿ ಇಲ್ಲ.

ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಎರಡೂ ಸಲೀಸಾಗಿ ಸಿಗುತ್ತವೆ. ತರಕಾರಿಯವರ ಹತ್ತಿರ ಲಾಲ್ ಮಾಠ್ ಅಂತ ಕೇಳಿದರೆ ಕೆಂಪು ಹರಿವೆ ಕೊಡುತ್ತಾರೆ, ಕಿರಾಣಿ ಅಂಗಡಿಯಲ್ಲಿ ರಾಜಗಿರಾ ಹಿಟ್ಟು. ಏಕಾದಶಿ ಬಂತೆಂದರೆ ರಾಜಗಿರಾ ಲಾಡು, ಚಿಕ್ಕಿ. ಸಕ್ಕರೆ ಕಾಯಿಲೆಯವರು ದಯವಿಟ್ಟು ಉಪವಾಸದ ತಿಂಡಿ ತಾನೇ ಎಂದು ಅವನ್ನು ಮೇಲಿಂದ ಮೇಲೆ ತಿನ್ನಬೇಡಿ. ಬೆಲ್ಲವಂತೂ ಇದ್ದೇ ಇರುತ್ತದೆ, ಮೇಲಾಗಿ ಹುರಿದು ಅರಳಿಸಿದ ಕಾಳು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ.

ಸೊಪ್ಪಿನಲ್ಲಿ ಕಲ್ಲಾಗಲು ಕಾರಣವಾಗಬಲ್ಲ ಆಕ್ಸಲೇಟ್ ಜಾಸ್ತಿ. ಮೂತ್ರಪಿಂಡದಲ್ಲಿ ಕಲ್ಲಾದವರು ವೈದ್ಯರನ್ನು ಕೇಳಿ, ಬೇಯಿಸಿದ ನೀರು ಚೆಲ್ಲಿ ತಿನ್ನಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರೂ ಕೇಳಿಯೇ ತಿನ್ನಬೇಕು, ವಿಟಮಿನ್ ಕೆ ಆ ಮಾತ್ರೆಯ ಪರಿಣಾಮ ತಗ್ಗಿಸುತ್ತದೆ. ಇದನ್ನು ಲೇಖನದಲ್ಲೇ ಸೇರಿಸಿದರೆ ಒಳ್ಳೆಯದು.