ಕಲಿಯುವ ಆರು ತಿಂಗಳು ಮನೆ ನಡೆಯೋದು ಹೇಗೆ?

"ಕಾಲ ಬದಲಾಗಿದೆ, ನೀವೂ ಬದಲಾಗಿ" ಅನ್ನೋ ಮಾತು ಮಂಡ್ಯದಲ್ಲೂ ಕೇಳಿಸುತ್ತದೆ, ನಾನಿರುವ ಸಿಂಗಪುರದಲ್ಲೂ ಕೇಳಿಸುತ್ತದೆ. ಆದರೆ ಅಲ್ಲಿ ಆ ಮಾತಿನ ಹಿಂದೆ ದುಡ್ಡಿದೆ. ನಮ್ಮಲ್ಲಿ ಬರೀ ಬುದ್ಧಿವಾದ.

ನಮ್ಮ ಸೋದರಮಾವ ಮದ್ದೂರಿನ ಹತ್ತಿರ ಹಳೇ ಹೆದ್ದಾರಿ ಪಕ್ಕ ಹೋಟೆಲ್ ಇಟ್ಟಿದ್ದರು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಮದ್ದೂರು, ಮಂಡ್ಯ ಎರಡಕ್ಕೂ ಬೈಪಾಸ್. ರಸ್ತೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರುಗಳೆಲ್ಲ ಆ ಕಡೆ ಹೋದ ಮೇಲೆ ಮಾವ ಮೊದಲು ಸಂಜೆಯ ವಡೆ ನಿಲ್ಲಿಸಿದರು, ಆಮೇಲೆ ಕೆಲಸದ ಹುಡುಗರನ್ನು ಕಳಿಸಿದರು, ಕೊನೆಗೆ ಷಟರ್ ಎಳೆದೇ ಬಿಟ್ಟರು. ಜಮೀನು ಹೋದವರಿಗೆ ಪರಿಹಾರ ಅಂತ ಕಾನೂನಿದೆ. ಗಿರಾಕಿ ಹೋದವರಿಗೆ?

ಸಿಂಗಪುರದ ಸರ್ಕಾರ 2024ರ ಮೇ ತಿಂಗಳಲ್ಲಿ 40 ದಾಟಿದ ತನ್ನ ಪ್ರಜೆಗಳಿಗೆ ಹೊಸ ಕೆಲಸ ಕಲಿಯೋಕೆ ಅಂತಲೇ 4,000 ಸಿಂಗಪುರ ಡಾಲರ್ ಕ್ರೆಡಿಟ್ ಕೊಟ್ಟಿತು, ಸಾಲ ಅಲ್ಲ, ಕೋರ್ಸಿನ ಫೀಸಿಗೆ ಬಳಸೋ ನೆರವು. 2025ರ ಏಪ್ರಿಲ್‌ನಿಂದ ಇನ್ನೊಂದು ಯೋಜನೆ ಇದೆ. ಕಡಿಮೆ, ಮಧ್ಯಮ ಸಂಬಳದವರು ಕೆಲಸ ಕಳೆದುಕೊಂಡರೆ, ಹೊಸದು ಹುಡುಕುತ್ತಾ ಇದ್ದರೆ, ಆರು ತಿಂಗಳಲ್ಲಿ ಒಟ್ಟು 6,000 ಡಾಲರ್ ತನಕ ನೆರವು. ನನ್ನಂಥ ವೀಸಾದವರಿಗೆ ಇದ್ಯಾವುದೂ ಇಲ್ಲ, ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ಆದರೂ ಅಲ್ಲಿನವರು ಐವತ್ತರ ಹತ್ತಿರ ಬಂದು ಮತ್ತೆ ತರಗತಿಯಲ್ಲಿ ಕೂತರೆ ಯಾರೂ ಹುಬ್ಬೇರಿಸೋದಿಲ್ಲ, ಅದು ನನಗೆ ತುಂಬಾ ಇಷ್ಟ.

ಊರಲ್ಲಿ ಏನೂ ಇಲ್ಲ ಅಂತಲ್ಲ. ಮಾವನಿಗೆ ಸ್ವಂತ ಮನೆ ಇದೆ, ಒಂದಿಷ್ಟು ಗದ್ದೆ ಇದೆ, ನಾಲೆಯಲ್ಲಿ ನೀರು ಬಂದರೆ ಊಟಕ್ಕೆ ತೊಂದರೆ ಇಲ್ಲ. ಸಿಂಗಪುರದ ಫ್ಲ್ಯಾಟಿನಲ್ಲಿ ಕೆಲಸ ಹೋದವನ ಮನೆಗೆ ಪಕ್ಕದವರು ಸಾರು ತಂದುಕೊಡೋದನ್ನು ನಾನು ನೋಡಿಲ್ಲ. ಓದಬೇಕು ಅನ್ನೋರಿಗೆ ಮೈಸೂರಿನಲ್ಲಿ 1996ರಿಂದ ಮುಕ್ತ ವಿಶ್ವವಿದ್ಯಾನಿಲಯ ಇದೆ, ವಯಸ್ಸಾಯ್ತು ಅಂತ ಅಲ್ಲಿ ಯಾರನ್ನೂ ವಾಪಸ್ ಕಳಿಸೋದಿಲ್ಲ.

ಮಾವನಿಗೆ ಎಸಿ, ಫ್ರಿಜ್ ರಿಪೇರಿ ಕಲಿಯುವ ಆಸೆ. ಕೈ ಚುರುಕು, ಕಲಿತೇ ಕಲಿಯುತ್ತಾರೆ. "ಫೀಸು ಹೆಂಗೋ ಕಟ್ಬಹುದು ಕಣಪ್ಪ, ಅಷ್ಟು ದಿನ ಮಗಳ ಕಾಲೇಜು, ಸೊಸೈಟಿ ಸಾಲ ಯಾರು ನೋಡ್ಕೋತಾರೆ?" ಅಂದರು. ನಮ್ಮಲ್ಲಿ ತರಬೇತಿ ಯೋಜನೆಗಳನ್ನು ಮಾಡುವವರು ಮೊದಲು ಉತ್ತರ ಕೊಡಬೇಕಾದ ಪ್ರಶ್ನೆ ಇದೇ. ಹೊಸ ಹೆದ್ದಾರಿಗೆ ಅಷ್ಟೊಂದು ಕೋಟಿ ತೆಗೆದಿಡುವಾಗ, ಹಳೇ ರಸ್ತೆಯವರು ಬೇರೆ ಕೆಲಸ ಕಲಿಯುವ ತನಕ ತಿಂಗಳಿಗಿಷ್ಟು ಅಂತ ಅದರಲ್ಲೇ ಸೇರಿಸೋದು ದೊಡ್ಡ ವಿಷಯವೇನಲ್ಲ.